ಹಲಗೆಯ ಮೊದಲ ಹೆಸರು

ಯುದ್ಧಭೂಮಿಯ ಆಂಬುಲೆನ್ಸ್ ದಳ, ಫ್ಲಾಂಡರ್ಸ್
೯ ನವೆಂಬರ್ ೧೯೧೭

ಪ್ರಿಯ ಪೆಂಗೆಲ್ಲಿಯವರೇ,

ನೀವು ಕಳಿಸಿದ ಉಣ್ಣೆಯ ಕಾಲುಚೀಲಗಳು ತಲುಪಿದವು. ಇಲ್ಲಿ ನಾನು ಬೋಧಿಸುವುದು ಕಡಿಮೆ, ಸ್ಟ್ರೆಚರ್ ಹೊರುವುದೇ ಹೆಚ್ಚು.

ನಮ್ಮ ಚರ್ಚಿನಲ್ಲಿ ಹಾಡುತ್ತಿದ್ದ ಸೈಲಸ್ ತೀರಿಕೊಂಡ ಸುದ್ದಿ ಈ ಪತ್ರ ತಲುಪುವಷ್ಟರಲ್ಲಿ ನಿಮಗೆ ಮುಟ್ಟಿರುತ್ತದೆ. ಮಂಗಳವಾರ ಮಧ್ಯಾಹ್ನ ಗುಂಡೇಟು ತಿಂದು ಬಿದ್ದಿದ್ದ ಅವನನ್ನು ಕೆಸರಿನಿಂದ ಹೊತ್ತು ತಂದವನು ನಾನೇ. ಚಳಿಗೆ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಡಾಕ್ಟರು ರಮ್ ಕುಡಿಸಲು ಹೇಳಿದರು. ಅವನು ಮುಖ ತಿರುಗಿಸಿದ.

"ಜನ್ಮದಲ್ಲಿ ಕುಡಿಯಲ್ಲ ಅಂತ ಸಹಿ ಹಾಕಿಸಿದ್ದು ನೀವೇ ಅಲ್ವಾ, ಪಾದ್ರಿಗಳೇ?"

"ಹೌದಪ್ಪ. ಈಗ ನಾನೇ ಹೇಳ್ತಿದೀನಿ, ಕುಡಿ."

"ಹಂಗಾದ್ರೆ ಮೊದಲು ನೀವು ಕುಡೀರಿ."

ಕುಡಿದೆ. ಗಂಟಲು ಉರಿದು ಕೆಮ್ಮಿದೆ. ಅವನು ನಕ್ಕು, ತಾನೂ ಕುಡಿದ. ಆಮೇಲೆ ಅರ್ಧ ಗಂಟೆ ಬೆಚ್ಚಗೆ ಮಲಗಿ ತಾಯಿಯ ಬಗ್ಗೆಯೇ ಮಾತಾಡುತ್ತಿದ್ದ.

ನನಗೊಂದು ಕೆಲಸ ಮಾಡಿಕೊಡಿ. ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದವರ ಹಲಗೆ ಚರ್ಚಿನ ಬಾಗಿಲ ಬಳಿ ಇದೆಯಲ್ಲ, ಅದರಲ್ಲಿ ಮೊದಲ ಹೆಸರು ನನ್ನದು. ಅದನ್ನು ಅಳಿಸಿಬಿಡಿ. ಸೈಲಸ್‌ನ ಹೆಸರು ಮಾತ್ರ ಹಾಗೇ ಇರಲಿ. ಪ್ರತಿ ಶನಿವಾರ ಆ ಹಲಗೆಯ ಧೂಳು ಒರೆಸುವುದು ಅವನ ತಾಯಿ.

ಇಂತಿ ನಿಮ್ಮ,
ಐಸಾಕ್ ಟ್ರೆಂಬಾತ್