ಅವಳು ಮುಟ್ಟಿದ್ದು ನಿಮ್ಮ ಪಾದವನ್ನಲ್ಲ

ಇಲ್ಲ ಸಾಹೇಬರೇ, ನಾನು ಕದ್ದಿಲ್ಲ. ಕುಡಿದೂ ಇರಲಿಲ್ಲ. ನಿಮ್ಮನ್ನು ಸೋಫಾದಿಂದ ಬೀಳಿಸಲೂ ಇಲ್ಲ. ನೀವಾಗಿಯೇ ಎದ್ದಿರಿ, ಎದ್ದ ಮೇಲೆ ನಾನು ಸೋಫಾ ಸರಿಸಿದೆ, ಅದರ ಕೆಳಗಿದ್ದ ಕಬಡ್ಡಿ ಮ್ಯಾಟನ್ನು ಎತ್ತಿಕೊಂಡೆ. ಎತ್ತಿಕೊಂಡವನನ್ನು ಕಳ್ಳ ಅನ್ನುತ್ತಿದ್ದೀರಿ. ಮಕ್ಕಳು ಆಡಬೇಕಾದ ಮ್ಯಾಟು ಸೋಫಾದ ಕೆಳಗೆ ಏನು ಮಾಡುತ್ತಿತ್ತು ಅಂತ ಇಡೀ ಶಿವಮೊಗ್ಗದಲ್ಲಿ ಒಬ್ಬರೂ ನಿಮ್ಮನ್ನು ಕೇಳಲಿಲ್ಲ. ಅದಕ್ಕೇ ನಾನು ಕೇಳುತ್ತಿದ್ದೇನೆ, ಎಲ್ಲರೂ ಓದುವ ಹಾಗೆ.

ಮೊದಲಿಗೆ ಮಾನ್ಯರೇ ಅಂತ ಹಾಕಬೇಕಂತೆ. ಹಾಕಿದೆ ಅಂದುಕೊಳ್ಳಿ. ಕ್ರೀಡಾ ಕಚೇರಿಯ ದೊಡ್ಡ ಸಾಹೇಬರಿಗೆ, ಭದ್ರಾವತಿ ಹಳೇನಗರದ ವೆಲ್ಡಿಂಗ್ ಅಂಗಡಿಯಲ್ಲಿ ಗೇಟು, ಗ್ರಿಲ್ಲು ಮಾಡುವ ಪರಮೇಶ ಬರೆಯುವ ಪತ್ರ ಇದು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಓದಿಲ್ಲದವನು ಅಂತ ಪೇಪರಿನವರ ಹತ್ತಿರ ಹೇಳಿದ್ದೀರಂತೆ. ನಿಜವೇ. ಆದರೆ ‘ತಮ್ಮ ಅವಗಾಹನೆಗೆ’ ಅಂತ ಬರೆಯಲು ನನಗೂ ಬರುತ್ತದೆ. ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಕೂತು ಗೋಡೆಯ ನೋಟೀಸುಗಳನ್ನು ಓದಿ ಕಲಿತೆ. ಈಗಲೂ ಅದೇ ಬೆಂಚಿನ ಮೇಲಿದ್ದೇನೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂತ ನಿಮ್ಮ ಜವಾನ ಗುರುಪ್ರಸಾದಣ್ಣ ಬೆಳಿಗ್ಗೆಯಿಂದ ಹೇಳುತ್ತಿದ್ದಾರೆ. ಬಾಗಿಲು ಅರ್ಧ ತೆರೆದೇ ಇದೆ. ಮೀಟಿಂಗಿನಲ್ಲಿ ನೀವು, ಎದುರಿಗೆ ಒಂದು ಪ್ಲೇಟು ಇಡ್ಲಿ, ಇಬ್ಬರೇ.

ನನ್ನ ತಂಗಿ ಇಂಪನಾ ಯಾರು ಅಂತ ನಿಮಗೆ ಈಗ ಗೊತ್ತು. ಈ ವರ್ಷ ಹೊರದೇಶದಲ್ಲಿ ನಡೆದ ಯುವಜನರ ದೊಡ್ಡ ಕ್ರೀಡಾಕೂಟದಲ್ಲಿ, ಓಟ, ಈಜು, ಕುಸ್ತಿ ಎಲ್ಲ ಇರುವ ಕೂಟ ಅದು, ಭಾರತದ ಹುಡುಗಿಯರ ಕಬಡ್ಡಿ ತಂಡದಲ್ಲಿ ಆಡಿ ಚಿನ್ನ ತಂದವಳು. ಆದರೆ ಅವಳು ಹೋಗುವ ಮುಂಚೆಯೂ ಒಂದು ಸಲ ನಿಮ್ಮ ಮೇಜಿನ ಮುಂದೆ ನಿಂತಿದ್ದಳು. ನಿಮಗೆ ನೆನಪಿಲ್ಲ. ನಾವು ಎದುರಿಗೆ ನಿಂತರೂ ನೀವು ಫೋನು ನೋಡುತ್ತಿದ್ದಿರಿ, ಆದ್ದರಿಂದ ನೆನಪಿಸುವುದು ನನ್ನ ಕರ್ತವ್ಯ.

ತಂಡಕ್ಕೆ ಆಯ್ಕೆಯಾಗಿ ಕ್ಯಾಂಪಿಗೆ ಹೊರಡಲು ಸ್ವಲ್ಪ ಸಮಯ ಇತ್ತು. ಅವಳು ಹುಟ್ಟಿದಾಗಿನಿಂದ ಆಡಿದ್ದು ಮಣ್ಣಿನಲ್ಲಿ. ದೊಡ್ಡ ಕೂಟದಲ್ಲಿ ಆಡುವುದು ಮ್ಯಾಟಿನ ಮೇಲೆ. ಮ್ಯಾಟು ಅಂದರೆ ಚಾಪೆಯ ಹಾಗೆ ಸುತ್ತಿಡುವುದಲ್ಲ. ಅಂಚಿನಲ್ಲಿ ಹಲ್ಲುಗಳಿರುವ ದಪ್ಪ ಚೌಕದ ತುಂಡುಗಳು, ಒಂದರ ಹಲ್ಲಿಗೆ ಇನ್ನೊಂದರ ಹಲ್ಲು ಕೂರಿಸಿ ಅಂಕಣ ಮಾಡುವುದು. ಅಂಥದ್ದು ಸರ್ಕಾರದಿಂದ ನಿಮ್ಮ ಉಗ್ರಾಣಕ್ಕೆ ಬಂದಿದೆ ಅಂತ ಕೇಳಿ ಬಂದೆವು.

“ಹೊಸದಪ್ಪ ಅದು. ಹಾಳಾಗುತ್ತೆ” ಅಂದಿರಿ.

“ಆಡಿದ್ರೆ ಹಾಳಾಗುತ್ತಾ ಸಾರ್?”

“ಮತ್ತೆ? ದಿನಾ ಬಿದ್ದು ಎದ್ದು ಮಾಡಿದ್ರೆ ಉಳಿಯುತ್ತೇನಯ್ಯ? ನ್ಯಾಷನಲ್ ಲೆವೆಲ್ ಪ್ಲೇಯರ್ಸ್ ಬಂದಾಗ ತೆಗೀತೀವಿ.”

“ಇವಳೇ ನ್ಯಾಷನಲ್ ಪ್ಲೇಯರ್ ಸಾರ್.”

ನೀವು ಆಗ ಮೊದಲ ಸಲ ತಲೆ ಎತ್ತಿ ನೋಡಿದಿರಿ. “ಬಂದಾಗ ಅಂದೆ ಕಣಯ್ಯ. ಇವಳು ಇಲ್ಲೇ ಇದಾಳಲ್ಲ.”

ಈ ಮಾತನ್ನು ನಾನು ಎಷ್ಟೋ ಜನರಿಗೆ ಹೇಳಿದೆ. ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಇನ್ನೂ ನಗು ಬಂದಿಲ್ಲ. ಗುರುಪ್ರಸಾದಣ್ಣ ಕರುಣೆ ತೋರಿ ಉಗ್ರಾಣದ ಕಿಟಕಿಯಿಂದ ತೋರಿಸಿದರು. ಕೆಂಪು, ನೀಲಿ ತುಂಡುಗಳ ರಾಶಿ, ಪ್ಲಾಸ್ಟಿಕ್ಕು ಬಿಚ್ಚದೆ. ಇಂಪನಾ ಕಿಟಕಿಯ ಸರಳು ಹಿಡಿದು ನೋಡಿದಳು, ಮಿಠಾಯಿ ಅಂಗಡಿ ನೋಡುವ ಮಗುವಿನ ಹಾಗೆ.

ನಮ್ಮವ್ವ ಯಲ್ಲಮ್ಮನ ಶೋಕೇಸಿನಲ್ಲಿ ಗಾಜಿನ ಲೋಟಗಳಿವೆ, ಮದುವೆಗೆ ಬಂದದ್ದು. ನೆಂಟರು ಬಂದರೆ ತೆಗೆಯೋಣ ಅಂತ ಇಟ್ಟದ್ದು. ಇಷ್ಟು ವರ್ಷದಲ್ಲಿ ಆ ಲೋಟಕ್ಕೆ ಲಾಯಕ್ಕಾದ ಒಬ್ಬ ನೆಂಟನೂ ಬಂದಿಲ್ಲ. ನಾವೆಲ್ಲ ಸ್ಟೀಲ್ ಲೋಟದಲ್ಲೇ ಕುಡಿದು ಬೆಳೆದೆವು. ಆದರೆ ಅದು ನಮ್ಮವ್ವನ ಸ್ವಂತ ಲೋಟ ಸಾಹೇಬರೇ. ಸರ್ಕಾರ ನಿಮ್ಮನ್ನು ಇಟ್ಟಿರುವುದು ಶೋಕೇಸು ಕಾಯುವುದಕ್ಕಾ?

ಫೈನಲ್ ಮ್ಯಾಚನ್ನು ನಾವು ಅಂಗಡಿಯಲ್ಲೇ ನೋಡಿದೆವು. ಗೂಡ್ಸ್ ಆಟೋ ಓಡಿಸುವ ನನ್ನ ಗೆಳೆಯ ರಿಜ್ವಾನ್ ತನ್ನ ಫೋನನ್ನು ಅರ್ಧ ಮುಗಿದ ಗ್ರಿಲ್ಲಿಗೆ ಸಿಕ್ಕಿಸಿ ಇಟ್ಟಿದ್ದ. ಅವ್ವ ಸ್ಟೂಲಿನ ಮೇಲೆ. ಎರಡನೇ ಅರ್ಧದಲ್ಲಿ ಇಂಪನಾ ರೇಡಿಗೆ ಹೋದಳು. ಮೂಲೆಯವಳನ್ನು ಮುಟ್ಟಿ ಗಿರಕ್ಕನೆ ತಿರುಗಿದಳು. ಆ ತಿರುವು ಅವಳದ್ದೇ. ಹಳೇನಗರದ ಮಣ್ಣಿನಲ್ಲಿ ಹಾಗೆ ತಿರುಗಿದರೆ ಕಾಲು ಅರ್ಧ ಅಡಿ ಜಾರಿ, ಹಿಡಿಯಲು ಬಂದವರ ಕೈಗೆ ಬರೀ ದೂಳು ಸಿಗುತ್ತದೆ. ಮ್ಯಾಟಿನ ಮೇಲೆ ಕಾಲು ಜಾರಲಿಲ್ಲ. ಷೂ ಕಚ್ಚಿಕೊಂಡಿತು. ಅವಳು ಅಲ್ಲೇ ನಿಂತಳು, ಮೂವರು ಮೇಲೆ ಬಿದ್ದರು. ಆಮೇಲೆ ಕೋಚು ಅವಳನ್ನು ಹೊರಗೆ ಕರೆದು ಬೇರೆಯವಳನ್ನು ಇಳಿಸಿದರು.

“ಯಾಕೋ ಪರಮಿ, ನಮ್ ಹುಡುಗೀನ ಯಾಕೆ ಹೊರಗೆ ಕೂರ್ಸಿದ್ರು?” ಅಂದಳು ಅವ್ವ.

“ಸುಸ್ತಾಗಿರ್ತಾಳೆ ಬಿಡಮ್ಮ” ಅಂದ ರಿಜ್ವಾನ್.

ತಂಡ ಗೆದ್ದಿತು. ಆ ಹುಡುಗಿಯರು ಹುಲಿಗಳ ಹಾಗೆ ಆಡಿ ಗೆದ್ದರು, ಅದರಲ್ಲಿ ಎರಡು ಮಾತಿಲ್ಲ. ಬಾವುಟ ಹಿಡಿದು ಓಡುವಾಗ ನನ್ನ ತಂಗಿ ಎಲ್ಲರಿಗಿಂತ ಹಿಂದೆ ಇದ್ದಳು. ಸಂಜೆ ಫೋನು ಮಾಡಿ ಅಂದಳು, “ಅಣ್ಣ, ಪದಕ ಕತ್ತಲ್ಲಿದೆ. ಗೆಲ್ಲೋ ಹೊತ್ತಿಗೆ ನಾನು ಬೆಂಚಲ್ಲಿದ್ದೆ. ಮುಂದಿನ ಕ್ಯಾಂಪಿಗೂ ಕರೀತಾರಂತೆ. ಆದ್ರೆ ಮಣ್ಣಿನ ಕಾಲು ತಗೊಂಡು ಬರಬೇಡ ಅಂದ್ರು ಕೋಚು.” ಕ್ಯಾಂಪಿನಲ್ಲಿ ಮ್ಯಾಟು ಕಂಡದ್ದು ಕೆಲವು ವಾರ. ಕಾಲಿಗೆ ಅಭ್ಯಾಸ ಇದ್ದದ್ದು ಚಿಕ್ಕಂದಿನ ಮಣ್ಣು. ಅವಸರದಲ್ಲಿ ಕಾಲು ಹಳೆಯದನ್ನೇ ನೆನಪಿಸಿಕೊಳ್ಳುತ್ತದೆ.

ಚಿನ್ನ ಬಂದ ಕೂಡಲೇ ನಿಮಗೆ ಪ್ರೀತಿಯೂ ಬಂತು. ತೆರೆದ ಜೀಪು, ಡೊಳ್ಳು, ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅರ್ಧ ದಿನ ಟ್ರಾಫಿಕ್ ಜಾಮ್. ಫ್ಲೆಕ್ಸಿನಲ್ಲಿ ನಿಮ್ಮ ಮುಖ ಜೀಪಿನಷ್ಟಿತ್ತು, ಅವಳ ಮುಖ ಜೀಪಿನ ನಂಬರ್ ಪ್ಲೇಟಿನಷ್ಟು, ಅದೂ ಆಧಾರ್ ಕಾರ್ಡಿನಿಂದ ತೆಗೆದದ್ದು. ಗುಲಾಬಿ ಹಿಡಿದು ನಿಲ್ಲಲು ಭದ್ರಾವತಿಯ ಕಬಡ್ಡಿ ಹುಡುಗಿಯರು ಬೇಕು ಅಂದಿರಿ. ಬಸ್ಸು ಕಳಿಸಲಿಲ್ಲ. ರಿಜ್ವಾನ್ ತನ್ನ ಗೂಡ್ಸ್ ಆಟೋದಲ್ಲಿ ಕರೆತಂದ.

ವೇದಿಕೆ ನೋಡಿ ರಿಜ್ವಾನನೇ ಮೊದಲು ನನ್ನ ತೋಳು ಹಿಡಿದ. “ಲೋ, ಶಾದಿ ಮಹಲ್ ಕಾರ್ಪೆಟ್ ಮಾಡಿದಾರಲ್ಲೋ ಮಾರಾಯ!”

ಕೆಂಪು, ನೀಲಿ. ಅದೇ. ಪ್ಲಾಸ್ಟಿಕ್ಕು ಕೊನೆಗೂ ಬಿಚ್ಚಿದ್ದಿರಿ. ಅದರ ಮೇಲೆ ಸೋಫಾ, ಸೋಫಾದ ಮೇಲೆ ನೀವು, ನಿಮ್ಮ ಅಕ್ಕಪಕ್ಕ ಕಬಡ್ಡಿಯಲ್ಲಿ ಒಂದು ತಂಡಕ್ಕೆ ಎಷ್ಟು ಜನ ಅಂತ ಗೊತ್ತಿಲ್ಲದ ಗಣ್ಯರು. ಎಲ್ಲರ ಕಾಲಲ್ಲೂ ಷೂ, ಚಪ್ಪಲಿ.

ಇಂಪನಾ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವಳು ಚಪ್ಪಲಿ ಬಿಟ್ಟಳು. ಬಗ್ಗಿ ಮ್ಯಾಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಬಡ್ಡಿ ಆಡುವವರು ಅಂಕಣದೊಳಗೆ ಕಾಲಿಡುವ ಮುಂಚೆ ಮಾಡುವುದು ಅದನ್ನೇ. ಗದ್ದೆಯಲ್ಲಿ ಗೆರೆ ಎಳೆದು ಆಡುವ ಹುಡುಗರೂ ಮಾಡುತ್ತಾರೆ. ಅವಳ ಪಾಲಿಗೆ ನಿಮ್ಮ ವೇದಿಕೆ ಅಂಕಣ ಆಗಿತ್ತು. ಆದರೆ ನೀವು ಹಾರ ಹಿಡಿದುಕೊಂಡು ಸರಿಯಾಗಿ ಅಲ್ಲೇ, ಅವಳ ಕೈ ಹೋದ ಕಡೆಯೇ ನಿಂತಿದ್ದಿರಿ. ನಿಮ್ಮ ಕೈ ತಾನಾಗಿಯೇ ಅವಳ ತಲೆಯ ಮೇಲೆ ಹೋಯಿತು. ಆಶೀರ್ವಾದಕ್ಕೆ ಎಷ್ಟು ರೂಢಿಯಾದ ಕೈ!

“ನೋಡಿ, ಸಂಸ್ಕಾರ ಅಂದ್ರೆ ಇದು!” ಅಂದಿರಿ ಮೈಕಿನಲ್ಲಿ. “ಚಿನ್ನ ಗೆದ್ರೂ ದೊಡ್ಡೋರ ಕಾಲು ಮುಟ್ಟೋದು ಮರೆತಿಲ್ಲ ಮಗು.”

“ಸಾರ್, ನಾನು ಮುಟ್ಟಿದ್ದು ಮ್ಯಾಟ್” ಅಂದಳು ಅವಳು. ಮೈಕು ಅವಳ ಹತ್ತಿರ ಇರಲಿಲ್ಲ.

“ಹೌದಮ್ಮ ಹೌದು, ಎಲ್ಲಾ ಒಂದೇ.”

ಎಲ್ಲಾ ಒಂದೇ ಅಲ್ಲ ಸಾಹೇಬರೇ. ಮರುದಿನದ ಪೇಪರಿನಲ್ಲಿ ದೊಡ್ಡ ಫೋಟೊ, ಕೆಳಗೆ ‘ಹಿರಿಯರ ಪಾದಕ್ಕೆರಗಿದ ಚಿನ್ನದ ಹುಡುಗಿ’. ಅದನ್ನು ನೀವು ಚೌಕಟ್ಟು ಹಾಕಿಸಿದ್ದೀರಿ, ಇಲ್ಲಿಂದಲೇ ಕಾಣುತ್ತಿದೆ. ಯಾವ ಮ್ಯಾಟನ್ನು ಕೊಡದೆ ಅವಳನ್ನು ಬೆಂಚಿಗೆ ಕಳಿಸಿದಿರೋ ಅದೇ ಮ್ಯಾಟಿನ ಮೇಲೆ ನಿಂತು, ಆ ಮ್ಯಾಟಿಗೆ ಸಲ್ಲಬೇಕಾದ ನಮಸ್ಕಾರವನ್ನೂ ನೀವೇ ಹೊಡೆದುಕೊಂಡಿರಿ. ಈಗ ಹೇಳಿ, ಕಳ್ಳ ಯಾರು?

ಭಾಷಣಗಳು ಮುಗಿಯುವವರೆಗೂ ನಾನು ಕೆಳಗೆ ಕಾದೆ. ಆಮೇಲೆ ಮೇಲೆ ಬಂದು ಮರ್ಯಾದೆಯಿಂದಲೇ ಕೇಳಿದೆ.

“ಸಾರ್, ಹೆಂಗಿದ್ರೂ ಬಿಚ್ಚಿದೀರಲ್ಲ. ಇವಳು ಕ್ಯಾಂಪಿಗೆ ಹೋಗೋವರೆಗೆ ಕೊಡಿ, ಹುಡುಗೀರು ಆಡ್ಲಿ.”

“ಹೊಸದಯ್ಯ ಅದು.”

“ಹೊಸದರ ಮೇಲೆ ಸೋಫಾ ಇಟ್ಟಿದೀರಲ್ಲ ಸಾರ್?”

“ಸೋಫಾ ಓಡಾಡಲ್ಲ ಕಣಯ್ಯ. ಹುಡುಗೀರು ಓಡಾಡ್ತಾರೆ.”

ಇದಕ್ಕೆ ಉತ್ತರ ನನ್ನ ಕೈಯೇ ಕೊಟ್ಟಿತು. ಬಗ್ಗಿ ಮೊದಲನೇ ತುಂಡನ್ನು ಕಿತ್ತೆ. ಹುಡುಗಿಯರು ಗುಲಾಬಿಗಳನ್ನು ಸೋಫಾದ ಮೇಲೆ ಸಾಲಾಗಿ ಮಲಗಿಸಿ ಬಂದು ಕೈ ಹಾಕಿದರು. ಗಣ್ಯರು ಒಬ್ಬೊಬ್ಬರಾಗಿ ಕಾಲೆತ್ತಿದರು. ಅವರ ಜೀವನದಲ್ಲಿ ಕಬಡ್ಡಿಗೆ ಅಷ್ಟು ಹತ್ತಿರ ಅವರು ಎಂದೂ ಬಂದಿರಲಿಕ್ಕಿಲ್ಲ. ನೀವೊಬ್ಬರು ಮಾತ್ರ ಒಂದು ನೀಲಿ ತುಂಡಿನ ಮೇಲೆ ನಿಂತವರು ಇಳಿಯಲೇ ಇಲ್ಲ. ಎಳೆದರೆ ನೀವು ಬೀಳುತ್ತಿದ್ದಿರಿ. ನಾನು ಎಳೆಯಲಿಲ್ಲ. ಇದನ್ನೂ ಪೇಪರಿನವರಿಗೆ ಹೇಳಬೇಕಾಗಿತ್ತು ನೀವು. ಮ್ಯಾಟು ಗೂಡ್ಸ್ ಆಟೋದಲ್ಲಿ ಹೋಯಿತು, ಹುಡುಗಿಯರು ಸರ್ಕಾರಿ ಬಸ್ಸಿನಲ್ಲಿ ಹೋದರು. ಹಾಡಹಗಲು, ಜಿಲ್ಲೆಯ ದೊಡ್ಡವರೆಲ್ಲ ನೋಡುತ್ತಿದ್ದಾಗ.

ಈಗ ಮ್ಯಾಟು ಎಲ್ಲಿದೆ ಅಂತ ಹುಡುಕಿಸುತ್ತಿದ್ದೀರಂತೆ. ಕಷ್ಟ ಪಡಬೇಡಿ. ಹಳೇನಗರದಲ್ಲಿ ಹುಡುಗಿಯರಿಗೆ ಆಟ ಕಲಿಸುವ ಉಜ್ಜನಪ್ಪ ಮಾವ ಒಂದು ಖಾಲಿ ಗೋಡೌನು ಗುಡಿಸಿಕೊಟ್ಟರು, ಅಲ್ಲಿ ಹಾಸಿದ್ದೇವೆ. ದೂರು ಕೊಡುವುದಾದರೆ ಹೀಗೆ ಬರೆಯಿರಿ: ಕಳುವಾದ ವಸ್ತು ಕಬಡ್ಡಿ ಮ್ಯಾಟು, ಪತ್ತೆಯಾದ ಸ್ಥಳ ಕಬಡ್ಡಿ ಅಂಕಣ, ಪತ್ತೆಯಾದಾಗ ಅದರ ಮೇಲೆ ಕಬಡ್ಡಿ ಆಡಲಾಗುತ್ತಿತ್ತು. ಪೊಲೀಸರು ಓದಿ ನಕ್ಕರೆ ನಾನು ಜವಾಬ್ದಾರನಲ್ಲ.

ಇಂಪನಾ ದಿನಾ ಆ ತಿರುವನ್ನು ತಿದ್ದುತ್ತಿದ್ದಾಳೆ. ಮೊದಮೊದಲು ಬಿದ್ದಳು. ಈಗ ಹೆಜ್ಜೆ ಚಿಕ್ಕದು ಮಾಡಿ, ಮುಂಗಾಲ ಮೇಲೆ ತಿರುಗುತ್ತಾಳೆ. ಸೋಫಾದ ಕಾಲುಗಳು ಕೊರೆದ ಗುಳಿಗಳು ಹಾಗೇ ಇವೆ, ಹುಡುಗಿಯರು ಅವಕ್ಕೆ ಗಣ್ಯರ ಹೆಸರಿಟ್ಟಿದ್ದಾರೆ. ಆದರೆ ನೀವು ನಿಂತಿದ್ದ ತುಂಡು ಇಲ್ಲ. ಬೋನಸ್ ಗೆರೆಯ ಹತ್ತಿರ ಸಿಮೆಂಟಿನ ಚೌಕ ಬಾಯಿ ತೆರೆದುಕೊಂಡಿದೆ. “ಅಲ್ಲಿಗೆ ಬಂದ್ರೆ ಕಾಲು ಹೆದರುತ್ತೆ ಅಣ್ಣ” ಅನ್ನುತ್ತಾಳೆ. ಹೆದರುವ ಕಾಲು ತಗೊಂಡು ಕ್ಯಾಂಪಿಗೆ ಹೋದರೆ ಮತ್ತೆ ಬೆಂಚೇ ಗತಿ.

ನಿನ್ನೆ ಗುರುಪ್ರಸಾದಣ್ಣ ನಿಮ್ಮ ಮಾತು ಹೊತ್ತು ಮನೆಗೆ ಬಂದರು. ಎಲ್ಲಾ ವಾಪಸ್ ತಂದು ನಾನು ಎಲ್ಲರ ಮುಂದೆ ಕ್ಷಮೆ ಕೇಳಬೇಕಂತೆ, ಇಲ್ಲದಿದ್ದರೆ ಹುಡುಗಿಯ ನಡತೆ ಸರಿಯಿಲ್ಲ ಅಂತ ಕ್ಯಾಂಪಿಗೆ ಬರೆಯುತ್ತೀರಂತೆ. ಮೊನ್ನೆ ಸಂಸ್ಕಾರ, ಇವತ್ತು ನಡತೆಗೇಡು. ನಡುವೆ ಅವಳು ಮಾಡಿದ್ದು ಏನು? ಪ್ರಾಕ್ಟೀಸ್.

“ಕೊಟ್ಬಿಡೋ ಪರಮಿ, ದೊಡ್ಡೋರ ಸಹವಾಸ ಬೇಡ” ಅಂತ ಅವ್ವ ಅತ್ತಳು. ಇಂಪನಾ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ತಲೆ ಎತ್ತದೆ ಅಂದಳು, “ಜಗಳ ಆಡ್ಬೇಡ ಅಣ್ಣ. ಆ ಒಂದು ತುಂಡು ಕೇಳ್ಕೊಂಡು ಬಾ, ಸಾಕು.” ಅದಕ್ಕೇ ಬಂದೆ.

ಹಾಗಾಗಿ, ತಮ್ಮ ಅವಗಾಹನೆಗೆ. ಆ ತುಂಡು ಕೊಡಿ. ಮ್ಯಾಟು ಭದ್ರಾವತಿಯಲ್ಲಿ ಇರಲಿ, ಹುಡುಗಿಯರು ಅದನ್ನು ಆಡಿ ಆಡಿ ಹಾಳು ಮಾಡಲಿ, ಅದು ಬಂದಿರುವುದೇ ಹಾಳಾಗಲು ಅಂತ ನಿಮ್ಮ ಕೈಯಾರೆ ಬರೆದು ಕೊಡಿ. ಗೋಡೆಯ ಆ ಫೋಟೊ ಬೇಕಾದರೆ ಇಟ್ಟುಕೊಳ್ಳಿ, ಆದರೆ ಅಡಿಬರಹ ಬದಲಿಸಿ. ಇನ್ನು ನನ್ನ ತಂಗಿಯ ನಡತೆಯ ಬಗ್ಗೆ ಒಂದು ಸಾಲು ಬರೆದರೆ, ಇದೇ ಬೆಂಚಿಗೆ ಆ ಹುಡುಗಿಯರನ್ನೆಲ್ಲ ಕರೆದುಕೊಂಡು ಬರುತ್ತೇನೆ. ಅವರು ಓಡಾಡುತ್ತಾರೆ, ಗೊತ್ತಲ್ಲ.

ಇಷ್ಟು ಬರೆಯುವ ಹೊತ್ತಿಗೆ ಗುರುಪ್ರಸಾದಣ್ಣ ನಿಮ್ಮ ಪ್ಲೇಟು ತರಲು ಒಳಗೆ ಹೋದರು. ಬೆಳಿಗ್ಗೆಯಿಂದ ಬಾಗಿಲ ಬುಡದಲ್ಲಿ ಏನೋ ನೀಲಿ ಕಾಣುತ್ತಿತ್ತು. ಕಾಲೊರೆಸುವ ಬಟ್ಟೆ ಅಂದುಕೊಂಡಿದ್ದೆ. ಈಗ ಅವರ ಕಾಲಿಗೆ ಸಿಕ್ಕಿ ಸ್ವಲ್ಪ ಬಿಚ್ಚಿಕೊಂಡಿತು, ಅಂಚಿನ ಹಲ್ಲು ಕಂಡಿತು. ನಾನು ಅವರ ಮುಖ ನೋಡಿದೆ.

“ಗಾಳಿಗೆ ಬಾಗಿಲು ಹೊಡ್ಕೊಳ್ಳುತ್ತೆ ಕಣೋ” ಅಂದರು, ಪಾಪ, ನಾಚಿಕೊಂಡು. “ಸದ್ದಾದ್ರೆ ಸಾಹೇಬ್ರಿಗೆ ಆಗಲ್ಲ. ಅದಕ್ಕೆ ಮಡಚಿ ಸಿಗಿಸಿದೀವಿ.”

ಸರಿ. ಕೇಳಿದ್ದರಲ್ಲಿ ಒಂದನ್ನು ನೀವು ಕೊಡುವ ತೊಂದರೆ ಇಲ್ಲ. ಈ ಪತ್ರವನ್ನು ನಿಮ್ಮ ಮೇಜಿನ ಮೇಲೆ, ಚಟ್ನಿ ತಾಗದ ಕಡೆ ಇಡುತ್ತೇನೆ. ಪ್ರತಿ ರಿಜ್ವಾನನ ಫೋನಿನಿಂದ ಊರಿಗೆಲ್ಲ ಹೋಗುತ್ತದೆ. ತುಂಡನ್ನು ಎಳೆದು, ಮುಟ್ಟಿ ಕಣ್ಣಿಗೊತ್ತಿಕೊಂಡು, ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತೇನೆ. ನೀವು ಇದನ್ನು ಓದಲು ಶುರು ಮಾಡುವ ಮುಂಚೆಯೇ ಬಾಗಿಲು ಧಡಾರೆಂದು ಹೊಡೆದುಕೊಂಡಿರುತ್ತದೆ. ಗಾಳಿ ಅಂದುಕೊಳ್ಳಬೇಡಿ. ಗಾಳಿಯಲ್ಲ, ನಾನೇ.

ಇಂತಿ,
ಆ ಫೋಟೊದ ಮೂಲೆಯಲ್ಲಿ ಮೊಣಕೈ ಮಾತ್ರ ಬಂದಿರುವ, ಸಂಸ್ಕಾರವಿಲ್ಲದ ಅಣ್ಣ
ಪರಮೇಶ, ಹಳೇನಗರ, ಭದ್ರಾವತಿ