ಅಂಗೈಗೆ ಬಿದ್ದ ತೋಟೆ

ಫೆಲಿಕ್ಸ್ ಅಂಕಲ್,

ಕ್ಷೇಮವೇ ಎಂದು ಕೇಳಿದರೆ ಉತ್ತರ ಬರೆಯಲು ನೀವಿಲ್ಲ, ನಾವು ಕ್ಷೇಮ ಎಂದು ಬರೆಯುವ ಮನಸ್ಸು ನನಗಿಲ್ಲ. ನನಗೆ ಸಿಟ್ಟು ಬಂದಿದೆ. ನಿಮ್ಮ ಗೆಳೆಯ ಸ್ಟ್ಯಾನಿ ಅಂಕಲ್ ಮೇಲೆ ಬಂದಿದೆ, ಅದಕ್ಕಿಂತ ಒಂದು ತೂಕ ಹೆಚ್ಚಾಗಿ ನಿಮ್ಮ ಮೇಲೆ ಬಂದಿದೆ. ಸತ್ತವರ ಮೇಲೆ, ಅದೂ ತಮ್ಮ ಗಂಡನ ಮೇಲೆ, ಸಿಟ್ಟು ಮಾಡಿಕೊಳ್ಳಬಾರದು ಎಂದು ಐರಿನ್ ಆಂಟಿ ಹೇಳುತ್ತಾರೆ. ಬದುಕಿದ್ದಾಗ ನೀವು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲವಲ್ಲ, ನಾನೇನು ಮಾಡಲಿ?

ಶೂಟಿಂಗ್ ರೇಂಜಿನಲ್ಲಿ ನನ್ನನ್ನು ಮೊದಲ ಸಲ ನೋಡಿ ನೀವು ನಕ್ಕದ್ದು ನೆನಪಿದೆಯೇ? ಸೈಬರ್‌ಜಯಾದ ಡೇಟಾ ಸೆಂಟರಿನಲ್ಲಿ ವಾರವಿಡೀ ಪರದೆ ನೋಡಿ ಕಣ್ಣು ಕೆಂಪಾಗಿಸಿಕೊಂಡ ಮೈಸೂರಿನ ಹೆಂಗಸೊಬ್ಬಳು ಹನ್ನೆರಡು ಬೋರಿನ ಕೋವಿ ಕಲಿಯುತ್ತೇನೆಂದು ಬಂದು ನಿಂತಿದ್ದಳು. "ಎಂತ ಮಾರಾಯ್ತಿ, ಭುಜ ಬೇಡ್ವಾ ನಿಂಗೆ?" ಎಂದಿರಿ. ಕ್ವಾಲಾಲಂಪುರದಲ್ಲಿ ಅರ್ಧ ಆಯುಸ್ಸು ಕಳೆದರೂ ನಿಮ್ಮ ಬಾಯಿಂದ ಮಂಗಳೂರು ಹೋಗಿರಲಿಲ್ಲ. ಕನ್ನಡ ಕಿವಿಗೆ ಬಿದ್ದ ಖುಷಿಗೆ ನಾನು, "ಭುಜ ಇದೆ ಅಂಕಲ್, ಟೀಚರ್ ಇಲ್ಲ" ಎಂದುಬಿಟ್ಟೆ. ಮುಂದಿನ ಶನಿವಾರದಿಂದ ನೀವು ಟೀಚರ್ ಆದಿರಿ.

ನಿಮ್ಮ ಪಾಠ ಶುರುವಾದದ್ದು ಬುಗುರಿಯಿಂದ. ನೀವು ಬಳಸುತ್ತಿದ್ದ ಕ್ಲಬ್ಬಿನ ಆ ಹಳೆಯ ಕೋವಿಯ ನಳಿಗೆಯೊಳಗೆ ನನ್ನನ್ನು ಇಣುಕಿಸಿ, ಸುರುಳಿ ಸುರುಳಿಯಾಗಿ ಹೋದ ಗೀರುಗಳನ್ನು ತೋರಿಸಿದಿರಿ. ಮದ್ದು ಮತ್ತು ಗುಂಡು ತುಂಬಿದ ತೋಟೆಯೊಳಗೆ ಗುಂಡಿಗೆ ಪ್ಲಾಸ್ಟಿಕ್ಕಿನ ಒಂದು ಅಂಗಿ, ಅದಕ್ಕೆ ಸ್ಯಾಬೋ ಎನ್ನುತ್ತಾರೆ ಎಂದಿರಿ. ಅಂಗಿ ಗೀರನ್ನು ಕಚ್ಚಿ ಹಿಡಿದು ಗುಂಡನ್ನು ತಿರುಗಿಸುತ್ತದೆ, ನಳಿಗೆ ದಾಟಿದ ಮೇಲೆ ಕಳಚಿ ಬೀಳುತ್ತದೆ, ಗುಂಡು ತಿರುಗುತ್ತ ನೆಟ್ಟಗೆ ಹೋಗುತ್ತದೆ. "ಬುಗುರಿ ಬೀಳುದಿಲ್ಲ ಯಾಕೆ? ತಿರುಗ್ತದಲ್ಲ, ಅದಕ್ಕೆ. ಇಷ್ಟೇ ಮಾರಾಯ್ತಿ, ಉಳಿದದ್ದೆಲ್ಲ ತಾಳ್ಮೆ" ಎಂದಿರಿ. ತಾಳ್ಮೆ ಎಂದರೆ ಏನೆಂದು ಆಮೇಲೆ ಗೊತ್ತಾಯಿತು. ಮರಳಿನ ಚೀಲವನ್ನು ಮರದ ಹಿಡಿಯ ಕೆಳಗೇ ಇಡಬೇಕು, ನಳಿಗೆಗೆ ತಾಗಿಸಿದರೆ ನಿಮ್ಮಿಂದ ಬೈಗುಳ. ಒಂದು ಗುಂಡು ಹಾರಿಸಿದ ಮೇಲೆ ನಳಿಗೆ ತಣ್ಣಗಾಗುವವರೆಗೆ ಕೂತಿರಬೇಕು. ನೀವು ಫ್ಲಾಸ್ಕಿನ ಟೀ ಬಗ್ಗಿಸಿ ಕೊಡುತ್ತಿದ್ದಿರಿ, ಒಂದು ಹನಿ ಹೊರಗೆ ಚೆಲ್ಲದಂತೆ. ಸಂಜೆ ಗೀರುಗಳಲ್ಲಿ ಅಂಟಿದ ಪ್ಲಾಸ್ಟಿಕ್ಕನ್ನೆಲ್ಲ ಉಜ್ಜಿ ತೆಗೆಯದೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ.

ನನ್ನ ಗುಂಡುಗಳು ಗುರಿಹಲಗೆಯ ತುಂಬ ಚೆಲ್ಲಾಪಿಲ್ಲಿಯಾದ ಒಂದು ದಿನ ನಾನು ಅಳುವ ಹಾಗೆ ಕೂತಿದ್ದೆ. ಆಗ ನೀವು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಗುಂಡು ಚದುರಿದ್ರೆ ನಿನ್ನನ್ನು ನೀನು ಬೈಕೊಳ್ಬೇಡ. ಮೊದ್ಲು ಕೋವಿಯನ್ನು ಇನ್ನೊಬ್ರ ಕೈಗೆ ಕೊಡು. ಅವ್ರದ್ದೂ ಚದುರಿದ್ರೆ ತಪ್ಪು ನಿಂದಲ್ಲ, ಕೋವಿದು, ಇಲ್ಲಾಂದ್ರೆ ತೋಟೆದು." ಒಂದೊಂದು ಕೋವಿ ಒಂದೊಂದು ತೋಟೆಯನ್ನು ಮೆಚ್ಚುತ್ತದೆ, ಮೆಚ್ಚಿದ್ದನ್ನು ಬದಲಿಸಿದರೆ ಹಳೆಯ ಲೆಕ್ಕವೆಲ್ಲ ಹೋಯಿತು, ಮತ್ತೆ ಹಲಗೆಯ ಮುಂದೆ ಕೂತು ಮೊದಲಿನಿಂದ ಗುರಿ ಹೊಂದಿಸಬೇಕು ಎಂದೂ ಹೇಳಿದಿರಿ. ಹೇಳಿದ್ದು ನೀವು, ಅಂಕಲ್. ನಾನಲ್ಲ.

ತೋಟೆ ಹಂಚುವ ಪದ್ಧತಿಯನ್ನು ಮಾಡಿದ್ದೂ ನೀವೇ. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಕೈ ಚಾಚಬೇಕು. ಕ್ಲಬ್ಬಿನ ತೋಟೆಗಳ ಜವಾಬ್ದಾರಿ ಹೊತ್ತ ಸ್ಟ್ಯಾನಿ ಅಂಕಲ್ ಒಬ್ಬೊಬ್ಬರ ಅಂಗೈಗೆ ಹಾಕಬೇಕು. ಯಾರ ಜೇಬಿನಲ್ಲೂ ಗೊತ್ತಿಲ್ಲದ ತೋಟೆ ಉಳಿಯಬಾರದು ಎಂಬುದು ನಿಮ್ಮ ಕಾಳಜಿ, ಒಳ್ಳೆಯದೇ. ಇಗರ್ಜಿಯಲ್ಲಿ ಪಾದ್ರಿಗಳ ಮುಂದೆ ನಿಂತ ಹಾಗಿದೆ ಎಂದು ನಾನು ಗೇಲಿ ಮಾಡುತ್ತಿದ್ದೆ. ಒಮ್ಮೆ ತೋಟೆಯ ಮೇಲಿನ ಸಣ್ಣ ಅಕ್ಷರ ಓದಲು ಅದನ್ನು ಬೆಳಕಿಗೆ ಹಿಡಿದಾಗ ನೀವು ನನ್ನನ್ನು ಪಕ್ಕಕ್ಕೆ ಕರೆದಿರಿ. "ಸ್ಟ್ಯಾನಿ ನನ್ನೊಟ್ಟಿಗೆ ಶಾಲೆಗೆ ಬಂದವ. ಅವ ಕೊಟ್ಟದ್ದನ್ನು ಅವನೆದುರೇ ಪರೀಕ್ಷೆ ಮಾಡ್ಲಿಕ್ಕುಂಟಾ? ಮರ್ಯಾದೆ ಅಲ್ಲ." ಕೋವಿಯ ಮೇಲೆ ಗುರಿ ನೋಡಲಿಕ್ಕಿರುವ ಸ್ಕೋಪಿನ ಸ್ಕ್ರೂಗಳನ್ನು ಪ್ರತಿ ಸಲ ತಿರುವಿ ನೋಡುವ ಮನುಷ್ಯ, ಅಂಗೈಗೆ ಬಿದ್ದ ತೋಟೆಯನ್ನು ಮಾತ್ರ ಎಂದೂ ತಿರುಗಿಸಿ ನೋಡಲಿಲ್ಲ. ಓದುವ ಕನ್ನಡಕವನ್ನಂತೂ ನೀವು ಕಾರಿನಲ್ಲೇ ಬಿಟ್ಟು ಬರುತ್ತಿದ್ದಿರಿ, ಚಂದ ಕಾಣಬೇಕಲ್ಲ!

ಆ ಎಸ್ಟೇಟಿನ ಬೆಳಿಗ್ಗೆಯನ್ನು ನೀವೂ ಮರೆತಿರಲಿಕ್ಕಿಲ್ಲ. ಹಂದಿಗಳು ಎಳೆಯ ತಾಳೆ ಗಿಡಗಳನ್ನೆಲ್ಲ ಅಗೆದು ಹಾಕುತ್ತಿವೆ ಎಂದು ಅನುಮತಿ ಮಾಡಿಸಿ ನಮ್ಮನ್ನು ಕರೆದಿದ್ದರು. ನೀವು ಹೊಡೆದಿರಿ, ಹಂದಿ ಕಿರುಚಿತು, ಬೀಳಲಿಲ್ಲ. ಗಾಯ ಮಾಡಿ ಬಿಡುವವ ಬೇಟೆಗಾರನೇ ಅಲ್ಲ ಎನ್ನುತ್ತಿದ್ದ ನೀವು ಕೆಸರಿನಲ್ಲಿ ರಕ್ತದ ಜಾಡು ಹಿಡಿದು ಬಿಸಿಲೇರುವವರೆಗೆ ಅಲೆದಿರಿ. ಸಿಗಲಿಲ್ಲ. ಮುಂದಿನ ಶನಿವಾರ ರೇಂಜಿನಲ್ಲಿ ನಿಮ್ಮ ಗುಂಡುಗಳು ಊಟದ ತಟ್ಟೆಯಷ್ಟು ಅಗಲ ಚದುರಿದವು. ಮೊದಲಾದರೆ ಟೀ ಸಾಸರಿನಲ್ಲಿ ಮುಚ್ಚಬಹುದಿತ್ತು. "ಭುಜಕ್ಕೆ ಮೊದ್ಲಿಗಿಂತ ಜಾಸ್ತಿ ಒದೀತದೆ ಇದು. ಪ್ರಾಯ ಆಯ್ತು" ಎಂದಿರಿ. "ಕೊಡಿ ಅಂಕಲ್, ನಾನೊಂದು ರೌಂಡ್ ಟ್ರೈ ಮಾಡ್ತೀನಿ" ಎಂದು ಕೈ ಚಾಚಿದೆ. ನೀವು ಕೋವಿಯನ್ನು ಎದೆಗವಚಿಕೊಂಡಿರಿ. "ಬೇಡ ಮಾರಾಯ್ತಿ. ಕೋವಿದಲ್ಲ. ನಂದೇ." ಇನ್ನೊಬ್ಬರ ಕೈಗೆ ಕೊಡು ಎಂದು ಕಲಿಸಿದ್ದು ಯಾರು? ನಿಯಮ ನಮಗೆ ಮಾತ್ರವೇ? ನನ್ನ ಕೈಗೆ ಒಂದೇ ಒಂದು ಸಲ ಕೊಟ್ಟಿದ್ದರೆ...

ಆಮೇಲೆ ನೀವು ಬರುವುದನ್ನೇ ಬಿಟ್ಟಿರಿ. ಹಂದಿ ಬೀಳಿಸಿದವರಿಗೆ ತೊಡೆ, ಉಳಿದದ್ದು ಸಮಪಾಲು ಎಂಬುದು ನಮ್ಮ ಗುಂಪಿನ ಕ್ರಮ. ಸ್ಟ್ಯಾನಿ ಅಂಕಲ್ ತಮ್ಮ ಪಾಲಿಗೆ ಬಂದ ತೊಡೆಯನ್ನು ಬಾಂಗ್ಸಾರಿನ ನಿಮ್ಮ ಮನೆಗೆ ಹೋಟೆಲಿನಲ್ಲಿ ಕಟ್ಟಿಸಿದ ತಪಾವ್ ಪೊಟ್ಟಣ ಕಳಿಸಿದ ಹಾಗೆ ಕಳಿಸುತ್ತಿದ್ದರು. ಐರಿನ್ ಆಂಟಿ ಬಫಾತ್ ಮಸಾಲೆಯ ಸಾರು ಮಾಡಿ ಬಡಿಸಿದರೆ ನೀವು ಮಾಂಸ ಬದಿಗಿಟ್ಟು ಬರೀ ಸಾರಿನ ಅನ್ನ ಉಂಡು ಏಳುತ್ತಿದ್ದಿರಂತೆ. ಕರುಣೆಯಿಂದ ಬಂದ ತೊಡೆ ನಿಮ್ಮ ಗಂಟಲಲ್ಲಿ ಇಳಿಯಲಿಲ್ಲ. ಅದೇ ದಿನಗಳಲ್ಲಿ ಮಾಂಟ್ ಕಿಯಾರಾದಲ್ಲಿ ನಿಮ್ಮ ಮಗಳ ಮನೆಗೆ ಮಗು ನೋಡಲು ನಾನೂ ಬಂದಿದ್ದೆ. ಎಲ್ಲರೂ ಸರದಿಯಲ್ಲಿ ಎತ್ತಿಕೊಂಡೆವು. ಮಗಳು ಇಲ್ಲಿನವರ ಇಂಗ್ಲಿಷಿನಲ್ಲಿ, "ಡ್ಯಾಡಿ, ಹೋಲ್ಡ್ ಹರ್ ಲಾ, ಶಿ ವೋಂಟ್ ಬೈಟ್" ಎಂದಳು. ನೀವು ಸೋಫಾದಲ್ಲಿ ಎರಡೂ ಕೈಗಳನ್ನು ತೊಡೆಯ ಅಡಿಗೆ ಸಿಕ್ಕಿಸಿಕೊಂಡು, "ನಂಗೆ ಶೀತ ಉಂಟು, ಮತ್ತೆ ಎತ್ತುವ" ಎಂದು ಕನ್ನಡದಲ್ಲಿ ನನಗೆ ಹೇಳಿದಿರಿ. ಗಂಡಸರಿಗೆ ಎಳೆಗೂಸೆಂದರೆ ಹೆದರಿಕೆ ಎಂದುಕೊಂಡು ನಾನು ನಕ್ಕೆ. ಆ 'ಮತ್ತೆ' ಬರಲೇ ಇಲ್ಲ. ಮಲಗಿದಲ್ಲೇ ಎದೆ ನಿಂತು ನೀವು ಹೋದಿರಿ.

ನಿಮ್ಮ ತಿಂಗಳ ಪೂಜೆಯ ದಿನ ಇಗರ್ಜಿಯ ಹಾಲ್‌ನಲ್ಲಿ ಸ್ಟ್ಯಾನಿ ಅಂಕಲ್ ನಿಮ್ಮ ಬಗ್ಗೆ ಮಾತಾಡಿದರು. ಒಳ್ಳೆಯದೇ ಮಾತಾಡಿದರು. ಕೊನೆಗೆ, "ಲಾಸ್ಟ್ ಲಾಸ್ಟಿಗೆ ಪಾಪ ಕೈ ನಡುಗ್ತಿತ್ತು ಅವನಿಗೆ. ಅಂಥ ಗುರಿಗಾರ!" ಎಂದರು. ಹಾಲ್ ತುಂಬ ಚ್ಚ್ ಚ್ಚ್ ಎಂಬ ಸದ್ದು. ನನ್ನ ಪಕ್ಕದಲ್ಲಿದ್ದ ಐರಿನ್ ಆಂಟಿ ಮೆಲ್ಲಗೆ, "ಎಂತ ಕೈ ನಡುಗುದು? ನನ್ನ ಸೂಜಿಗೆ ದಾರ ಹಾಕಿ ಕೊಡ್ತಿದ್ದದ್ದೇ ಇವ್ರು. ಹೋಗುವ ಹಿಂದಿನ ದಿನ ಕೂಡ" ಎಂದರು. ನನ್ನ ತಲೆಯಲ್ಲಿ ಆಗ ಏನೋ ಕಚ್ಚಿಕೊಂಡಿತು.

ಮರುವಾರವೇ ರೇಂಜಿಗೆ ಹೋದೆ. ಸ್ಟ್ಯಾನಿ ಅಂಕಲ್ ಅಂಗೈಗೆ ಹಾಕಿದ ತೋಟೆಗಳನ್ನು ನೀವು ಬಿಟ್ಟ ಮೇಲೆ ಯಾರೂ ಮುಟ್ಟದ ನಿಮ್ಮ ಆ ಹಳೆಯ ಕೋವಿಗೆ ತುಂಬಿ, ಚೀಲ ಸರಿಯಾಗಿ ಇಟ್ಟು, ನಳಿಗೆ ತಣಿಸಿ ತಣಿಸಿ ಹೊಡೆದೆ. ಊಟದ ತಟ್ಟೆ! ಭುಜಕ್ಕೆ ಒದೆತವೂ ಜಾಸ್ತಿ. ನನಗೇನು ಪ್ರಾಯ ಆಗಿದೆಯೇ? ಉಳಿದ ಒಂದು ತೋಟೆಯನ್ನು ಎಲ್ಲರ ಮುಂದೆಯೇ ಬೆಳಕಿಗೆ ಹಿಡಿದೆ. ಅದೇ ಕಂಪನಿ, ಅದೇ ಬಣ್ಣ. ಸಣ್ಣ ಅಕ್ಷರ ಮಾತ್ರ ಬೇರೆ. ಗುಂಡು ಹಗುರ, ಮದ್ದು ಹೆಚ್ಚು, ವೇಗ ಹೆಚ್ಚು. ಉಳಿದ ಕೋವಿಗಳು ಅದನ್ನು ತಾಳಿಕೊಂಡವು, ನಿಮ್ಮ ಈ ನಳಿಗೆಯ ಗೀರಿಗೆ ಅದು ಒಗ್ಗುವುದೇ ಇಲ್ಲ.

"ಅಂಕಲ್, ಇದು ಯಾವಾಗಿಂದ ಕೊಡ್ತಿದೀರಾ?" ಎಂದು ಕೇಳಿದೆ.

"ಆ ಎಸ್ಟೇಟಿಗೆ ಹೋಗುವ ಮೊದ್ಲು. ಹಳೇದು ಸ್ಟಾಕ್ ಇರ್ಲಿಲ್ಲ ಮಾರಾಯ್ತಿ. ಸ್ಯಾಬೋ ಸ್ಯಾಬೋನೇ ಅಲ್ವಾ?"

"ಫೆಲಿಕ್ಸ್ ಅಂಕಲ್‌ಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವ ಅವತ್ತು ಹೊರಡ್ಲಿಕ್ಕೇ ಬಿಡ್ತಿರ್ಲಿಲ್ಲ. ಮತ್ತೆ ಗುರಿ ಹೊಂದಿಸು, ಮತ್ತೆ ಅದು, ಮತ್ತೆ ಇದು. ಎಸ್ಟೇಟಿನವ್ರು ಕಾಯ್ತಿದ್ರು."

"ಸರಿ. ಅವರ ಗುಂಡು ಚದುರಕ್ಕೆ ಶುರುವಾಯ್ತಲ್ಲ, ಆಮೇಲೆ?"

ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಡೌಟ್ ಬಂದಿತ್ತು ಲಾ. ಆದ್ರೆ ಪ್ರಾಯ ಆಗಿತ್ತಲ್ಲ ಅವನಿಗೆ, ಹೇಗೂ ಒಂದಿನ ನಿಲ್ಲಿಸ್ಬೇಕಿತ್ತು. ತಾನಾಗಿ ನಿಲ್ಲಿಸಿದ, ಒಳ್ಳೇದಾಯ್ತು ಅಂತ ಸುಮ್ನಾದೆ."

ಒಳ್ಳೆಯದಾಯಿತಂತೆ! ನಾನು ಕೂಗಾಡಿದೆ, ಅಂಕಲ್. ನಿಮ್ಮ ಜೊತೆ ಶಾಲೆಗೆ ಹೋದವರಿಗೆ ನನ್ನ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಒಬ್ಬ ಮನುಷ್ಯ ತನ್ನ ಕೈಯನ್ನೇ ನಂಬದ ಹಾಗೆ ಮಾಡಿ, ಮೇಲೆ ಹಂದಿ ತೊಡೆ ಕಳಿಸಿ, ಪೂಜೆಯ ದಿನ ಪಾಪ ಎಂದು ಮರುಗಿ ನಿಂತವರಿಗೆ ಇನ್ನೇನು ಅನ್ನಬೇಕಿತ್ತು? ಅವರು ಅತ್ತರು. ಅಳಲಿ. ಮಮಕ್ ಅಂಗಡಿಯ ಟೀಗೆ ಕರೆದರು, ನಾನು ಹೋಗಲಿಲ್ಲ. ನೀವಾಗಿದ್ದರೆ ಹೋಗುತ್ತಿದ್ದಿರಿ ಎಂದು ಗೊತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅವರು ಮುಚ್ಚಿಟ್ಟರು, ಸರಿ. ನೀವು ಯಾಕೆ ಕೇಳಲಿಲ್ಲ? ಗೆಳೆಯನ ಮರ್ಯಾದೆ ಕಾಯಲು ನಿಮ್ಮದನ್ನು ಕೆಸರಿಗೆ ಹಾಕಿದಿರಲ್ಲ, ಅದೆಂಥ ಮರ್ಯಾದೆ? ಪ್ರತಿಯೊಂದಕ್ಕೂ ಕಾರಣ ಹುಡುಕುತ್ತಿದ್ದವರು, ನಿಮ್ಮ ವಿಷಯ ಬಂದಾಗ ವಯಸ್ಸು ಎಂಬ ಒಂದು ಮಾತಿಗೆ ಸೋತುಬಿಟ್ಟಿರಿ.

ಹಳೆಯ ನಮೂನೆಯ ತೋಟೆಗಳು ಮತ್ತೆ ಬಂದ ದಿನದ ಸುದ್ದಿ ಹೇಳಿ ಮುಗಿಸುತ್ತೇನೆ. ನಳಿಗೆಯನ್ನು ನೀವು ಕಲಿಸಿದ ಹಾಗೆ ಉಜ್ಜಿದೆ. ಸ್ಕೋಪನ್ನು ನಾನು ಮುಟ್ಟಲಿಲ್ಲ. ನಿಮ್ಮ ಕೈ ಎಲ್ಲಿಗೆ ತಿರುಗಿಸಿ ಬಿಟ್ಟಿತ್ತೋ ಅಲ್ಲೇ ಇತ್ತು. ಮೂರು ಗುಂಡು ಹಾರಿಸಿದೆ. ಮೂರೂ ತೂತುಗಳು ನಡುವಿನಲ್ಲೇ ಒಂದಕ್ಕೊಂದು ತಾಗಿ ಕೂತವು. ಸ್ಟ್ಯಾನಿ ಅಂಕಲ್ ಕೈಯಿಂದಲೂ ಹೊಡೆಸಿದೆ. ಅವರ ಕೈ ನಿಜವಾಗಿಯೂ ನಡುಗುತ್ತಿತ್ತು, ಆದರೂ ಸಾಸರ್ ದಾಟಲಿಲ್ಲ. ಈಗ ಬೆಳಿಗ್ಗೆ ತೋಟೆ ಹಂಚುವಾಗ ಪ್ರತಿಯೊಬ್ಬರೂ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿಯೇ ಜೇಬಿಗೆ ಹಾಕಬೇಕು. ಮರ್ಯಾದೆ ಹೋದರೆ ಹೋಗಲಿ. ನಾನು ಇರುವವರೆಗೆ ಅದು ಹೀಗೇ ನಡೆಯುತ್ತದೆ.

ಆ ಹಲಗೆಯ ಕಾಗದವನ್ನು ತೋರಿಸಲು ಬಾಂಗ್ಸಾರಿಗೆ ಹೋಗಿದ್ದೆ. ನಿಮ್ಮ ಮಗಳೂ ಬಂದಿದ್ದಳು. ಮಗು ಈಗ ಸೋಫಾ ಹಿಡಿದು ನಿಲ್ಲುತ್ತದೆ, ಅಂಕಲ್, ನೀವು ಕೂರುತ್ತಿದ್ದ ಜಾಗದಲ್ಲೇ. ಐರಿನ್ ಆಂಟಿ ಕಾಗದದ ಮೂರು ತೂತುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಹೇಳಿದರು: "ಕೈ ಜಾರಿ ಮಗು ಬಿದ್ರೆ ಎಂತ ಮಾಡುದು ಅಂತ ಇವ್ರು ರಾತ್ರಿ ನಂಗೆ ಹೇಳ್ತಿದ್ರು. ಅದಕ್ಕೇ ಎತ್ತಲಿಲ್ಲ."

ನಿಮ್ಮ ಕೈಗೆ ಏನೂ ಆಗಿರಲಿಲ್ಲ. ಎತ್ತಿಕೊಳ್ಳಬಹುದಿತ್ತು, ಅಂಕಲ್.

ನಿಮ್ಮ
ಶೈಲಾ