ಹೇಳದೆ ಉಳಿದ ಹೆಸರು

ಬೀದರ,
೯ ಡಿಸೆಂಬರ್ ೨೦೨೪

ಸಾನಿಕಾಳ ಅಪ್ಪನವರಿಗೆ ನಮಸ್ಕಾರ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಹಾಂ, ಹೇಳು" ಅನ್ನುವ ದನಿ ಕೇಳಿದರೇ ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಚಂದ್ರಭಾಗಾ ಅಕ್ಕ ನಾಳೆ ಭಾಲ್ಕಿಗೆ ಬಂದು ಇದನ್ನು ನಿಮ್ಮ ಅಂಗಡಿಯಲ್ಲಿ ಕೊಡುತ್ತಾಳೆ.

ನಾನು ಮನೆ ಬಿಟ್ಟು ಔರಾದಿಗೆ, ಅಕ್ಕನಲ್ಲಿಗೆ ಹೊರಟಾಗ ನೀವು, "ಕರದ್ರ ಓ ಅನ್ನಂಗಿಲ್ಲ, ಎಂಥಾ ಸೊಕ್ಕು ಬಂದದ ನಿನಗ" ಅಂದಿರಿ. ಅದು ಸೊಕ್ಕಲ್ಲವಂತೆ. ನಾನು ತಡವರಿಸುವುದನ್ನು ನೋಡಿ ಅಕ್ಕ ಇಲ್ಲಿ ಬೀದರದ ಆಸ್ಪತ್ರೆಗೆ ಸೇರಿಸಿದ್ದಾಳೆ. ಸ್ಕ್ಯಾನಿಂಗಿನಲ್ಲಿ ಮಿದುಳಿನ ಆಳದಲ್ಲೊಂದು ಕಲೆ ಕಂಡಿದೆ. ಮಾತು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತಂತೆ. ಹಾಗಂತ ಎಲ್ಲವನ್ನೂ ರೋಗದ ತಲೆಗೇ ಕಟ್ಟಬೇಡಿ, ಸ್ವಲ್ಪ ಸೊಕ್ಕೂ ಇತ್ತು.

ಡಾಕ್ಟರಿಗೆ ಲಿಂಫೋಮಾ ಎಂಬ ಕ್ಯಾನ್ಸರಿನ ಅನುಮಾನ. ಹೌದಾದರೆ ಔಷಧವಿದೆ, ಆದರೆ ಮೊದಲು ಹೌದೆಂದು ಗಟ್ಟಿಯಾಗಬೇಕು. ಬೆನ್ನಿಗೆ ಸೂಜಿ ಹಾಕಿ, ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ನೋಡಿದರು. ಏನೂ ಸಿಗಲಿಲ್ಲ. ಮಿದುಳಿನ ಊತಕ್ಕೆಂದು ಕೊಟ್ಟ ಗುಳಿಗೆ ರೋಗವನ್ನೂ ಮರೆಮಾಡುತ್ತದಂತೆ. ನೋಡಿ, ನನ್ನ ಮಾತು ಮರಳಿದ್ದೂ ಅದೇ ಗುಳಿಗೆಯಿಂದ! ಈಗ ಅದನ್ನು ಇಳಿಸುತ್ತ ಬಂದು ನಿಲ್ಲಿಸಿ, ಮತ್ತೆ ನೀರು ತೆಗೆಯುತ್ತಾರೆ. ಅಷ್ಟರಲ್ಲಿ ಮಾತು ಪುನಃ ಹೋಗಬಹುದು. ಮೊದಲು ಕನ್ನಡ ಹೋಗುತ್ತದೋ ಮರಾಠಿಯೋ ಎಂದು ಕೇಳಿದೆ. ಡಾಕ್ಟರಿಗೂ ಗೊತ್ತಿಲ್ಲ.

ನನಗೆ ಸೂಜಿಯ ಹೆದರಿಕೆಯಿಲ್ಲ. ನೀವು ಬರುವ ಹೊತ್ತಿಗೆ ನಾನು ಸುಮ್ಮನೆ ನಿಮ್ಮ ಮುಖ ನೋಡುತ್ತ ಕೂತಿದ್ದರೆ? ನೀವು ಅದನ್ನೂ ಸೊಕ್ಕೆಂದುಕೊಂಡು ಎದ್ದು ಹೋದರೆ? ಅದಕ್ಕೆ ಬೇಗ ಬನ್ನಿ. ಜಗಳವನ್ನಾದರೂ ಆಡೋಣ. ಸಂಜೆ ಅಂಗಡಿ ಮುಚ್ಚಿ ಬಂದು ಬಾಗಿಲಲ್ಲೇ "ಚಾ ಇಡು" ಅಂತ ಕೂಗುತ್ತಿದ್ದಿರಲ್ಲ, ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಇಲ್ಲಿ ಚಹಾ ಬಂದಾಗಲೆಲ್ಲ ಬಾಗಿಲ ಕಡೆ ನೋಡುತ್ತೇನೆ. ನಿಮ್ಮ ನೆನಪು ಬಹಳ ಆಗುತ್ತದೆ, ಸಾಕಾ?

ಇಲ್ಲಿಗೆ ಬಂದ ದಿನ ಒಂದು ತಮಾಷೆಯಾಯಿತು. ಆಯೆಶಾ ಎಂಬ ಎಳೆಯ ಡಾಕ್ಟರು ನೆನಪಿನ ಪರೀಕ್ಷೆಗೆಂದು ಊರು, ತಿಂಗಳು ಕೇಳಿದರು. ತಡವರಿಸುತ್ತ ಹೇಳಿದೆ. ಆಮೇಲೆ ನಿಮ್ಮ ಹೆಸರು ಕೇಳಿದರು. ನಾನು ತಲೆ ತಗ್ಗಿಸಿದೆ. ಅಕ್ಕ ನಕ್ಕು, "ಗಂಡನ ಹೆಸರ ಹೇಳಂಗಿಲ್ರಿ ನಮ್ಮಲ್ಲಿ" ಅಂದಳು. ಅವರೂ ನಕ್ಕು ಮುಂದಿನ ಪ್ರಶ್ನೆಗೆ ಹೋದರು.

ಬರುವಾಗ ನನ್ನ ಕೌದಿ ತನ್ನಿ, ಚಳಿ ಬಹಳ.

ನಿಮ್ಮ
ಮುಕ್ತಾ

ತಾ.ಕ.: ಅಕ್ಕನಿಗೆ ಹೇಳಬೇಡಿ. ಅವತ್ತು ತಲೆ ತಗ್ಗಿಸಿದ್ದು ನಾಚಿಕೆಯಿಂದಲ್ಲ. ಎಷ್ಟು ಹುಡುಕಿದರೂ ನಿಮ್ಮ ಹೆಸರು ನನಗೆ ಸಿಗಲಿಲ್ಲ. ಈಗ ಸಿಕ್ಕಿದೆ, ಬರೆದಿಡುತ್ತೇನೆ: ಭಾಲಚಂದ್ರ. ಈ ಕಾಗದ ಜೊತೆಗೆ ತನ್ನಿ. ನಾನು ಮತ್ತೆ ಮರೆತಿದ್ದರೆ ನೀವೇ ಓದಿ ಹೇಳಿ. ಓ ಅನ್ನದಿದ್ದರೂ ಎದ್ದು ಹೋಗಬೇಡಿ.